ಅಪ್ಪಯ್ಯನ ಬ್ರನೋ ಪಾಯಿಂಟ್ ಟೂ ಟೂ, ನನ್ನ ಕೈಗೆ ಬಂದು ಒಂದು ವರ್ಷ

ಕೊಪ್ಪ ಕಡೆ ನಮ್ಮೂರಲ್ಲಿ ಅಡಿಕೆ ತೋಟ ಇರೋ ಮನೇಲೆಲ್ಲಾ ಒಂದು ಕೇಪಿನ ಕೋವಿ (ಬಾಯಿಂದ ಮದ್ದು ತುಂಬಿ ಕೇಪು ಇಟ್ಟು ಹೊಡಿಯೋದು) ಇರತ್ತೆ, ಅಪ್ಪಯ್ಯಂದು ಮಾತ್ರ ರೈಫಲ್ಲು, ಬ್ರನೋ ಮಾಡೆಲ್ 2, .22 (ನಳಿಗೆ ತೂತಿನ ಅಳತೆ, ಇಂಚಲ್ಲಿ) ಬೋಲ್ಟ್ ಆಕ್ಷನ್, ಅಂದ್ರೆ ಪ್ರತಿ ಈಡಿಗೂ ಬೋಲ್ಟನ್ನ ಕೈಯಲ್ಲೇ ಹಿಂದೆ ಮುಂದೆ ಎಳೀಬೇಕು, ನಳಿಗೆ ಮೇಲೆ ಮೇಡ್ ಇನ್ ಜೆಕೊಸ್ಲೊವಾಕಿಯಾ ಅಂತಿದೆ, ಆ ಹೆಸರಿನ ದೇಶವೇ ಈಗಿಲ್ಲ. ಐದು ತೋಟಾದ ಪುಟ್ಟ ಮ್ಯಾಗಝೀನು. ಮರದ ಹಿಡಿ ಅಪ್ಪಯ್ಯನ ಕೆನ್ನೆ ತಾಗ್ತಿದ್ದ ಜಾಗದಲ್ಲಿ ಮಾತ್ರ ಪಾಲಿಶ್ ಹೋಗಿ ನುಣ್ಣಗಾಗಿದೆ, ಅದನ್ನ ನಾನು ಹಾಗೇ ಬಿಟ್ಟಿದೀನಿ.

ಮೊದ್ಲು ಕಾಗದಪತ್ರದ ವಿಷ್ಯ ಹೇಳ್ಬೇಕು ಯಾಕಂದ್ರೆ ನಾವು ತಪ್ಪಿದ್ದು ಅಲ್ಲೇ. 2016ರ ಆರ್ಮ್ಸ್ ರೂಲ್ಸ್ ಪ್ರಕಾರ ಲೈಸೆನ್ಸ್ ಇರೋರಿಗೆ 70 ವರ್ಷ ಆದ್ರೆ ಅಥವಾ ಕೋವಿ ಅವರ ಹತ್ರ 25 ವರ್ಷ ಇದ್ರೆ, ಯಾವ್ದು ಮೊದ್ಲೋ ಅದು, ಬದುಕಿದ್ದಾಗ್ಲೇ ವಾರಸುದಾರರ ಹೆಸರಿಗೆ ಅರ್ಜಿ ಹಾಕ್ಬಹುದು. ಅಪ್ಪಯ್ಯಂಗೆ ಎರಡೂ ಆಗಿತ್ತು, ಯಾರೂ ಹೇಳ್ಲಿಲ್ಲ ನಾವೂ ಕೇಳ್ಲಿಲ್ಲ. ಅವರು ಹೋದ್ಮೇಲೆ ರೈಫಲ್ ಡೀಲರ್ ಹತ್ರ ಡಿಪಾಸಿಟ್ಟು, ಅಮ್ಮಂದು ಇಬ್ರು ತಂಗಿಯರದ್ದು ಆಕ್ಷೇಪಣೆ ಇಲ್ಲ ಅಂತ ಅಫಿಡವಿಟ್ಟು, ಪೊಲೀಸ್ ವೆರಿಫಿಕೇಶನ್ನು, ಡಿಸಿ ಆಫೀಸು, ಎಲ್ಲಾ ಸೇರಿ 14 ತಿಂಗ್ಳು. ಕೊಡಗಿನಲ್ಲಿ ಕೊಡವರಿಗೆ, ಜಮ್ಮಾ (ಅಲ್ಲಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ 2029ರ ತನಕ ಲೈಸೆನ್ಸ್ ವಿನಾಯಿತಿ ಇದೆ, ನಮಗಿಲ್ಲ.

ಆ 14 ತಿಂಗ್ಳಲ್ಲಿ ಡೀಲರ್ ಮೂರು ಸಲ ಕೇಳಿದ್ರು, ಹಳೇದು, ಮಾರ್ಬಿಡಿ, ಹೊಸದು ತಗೊಳ್ಳಿ ಅಂತ. ಆಸೆ ಯಾಕಂದ್ರೆ 80ರ ದಶಕದ ಮಧ್ಯದಿಂದ ಫಾರಿನ್ ಬಂದೂಕು ಬರೋದು ಹೆಚ್ಚೂಕಮ್ಮಿ ನಿಂತ್ಹೋಗಿದೆ, ಇಂಥದ್ದಕ್ಕೆ ಒಳ್ಳೆ ರೇಟಿದೆ. ಅಷ್ಟು ಆಸೆ ಇದ್ದೋರು ಎಣ್ಣೆ ಹಚ್ಚಿ ಇಡ್ಬಹುದಿತ್ತು, ವಾಪಸ್ ಬಂದಾಗ ನಳಿಗೆ ತುದೀಲಿ ತುಕ್ಕಿನ ಚುಕ್ಕೆ, ನನಗೆ ತುಂಬಾ ಬೇಜಾರಾಯ್ತು.

ಇನ್ನು ರೈಫಲ್. ಟ್ರಿಗರ್ ಒತ್ತಿ ಹಿಡಿದು ಬೋಲ್ಟ್ ಹಿಂದಕ್ಕೆಳೆದ್ರೆ ಪೂರ್ತಿ ಕೈಗೆ ಬರತ್ತೆ, ಹಿಂದಿನಿಂದ್ಲೇ ನಳಿಗೆ ಕ್ಲೀನ್ ಮಾಡ್ಬಹುದು. ನಾಲ್ಕು ದಿನ ಎಣ್ಣೆ, ಬಟ್ಟೆ, ಹಿತ್ತಾಳೆ ಬ್ರಶ್ಶು. ಮೊದ್ಲ ಬಟ್ಟೆ ಕಪ್ಪಗೆ ಸೀಸ, ಕೊನೇದು ಬೆಳ್ಳಗೆ. ಆಮೇಲೆ ರೇಂಜಲ್ಲಿ 50 ಮೀಟರಿಂದ ಹೊಡೆದ ಐದು ಈಡನ್ನ ಹತ್ತು ರೂಪಾಯಿ ನಾಣ್ಯ ಮುಚ್ಚತ್ತೆ, ಅದೂ ದುರ್ಬೀನಿಲ್ದೆ. ಹಿಂದಿನ ಸೈಟಲ್ಲಿ 200 ಮೀಟರ್ ತನಕ ಗೆರೆ ಇದೆ ಆದ್ರೆ ಈ ಸಣ್ಣ ಗುಂಡಿಗೆ ಅಷ್ಟು ದೂರ ನಂಬ್ಕೊಂಡು ಹೊಡಿಯೋದು ಸರಿಯಲ್ಲ.

ತೊಂದ್ರೆ ಎರಡು. ಖಾಲಿ ಕೇಸ್ ಎಳೆಯೋ ಕೊಕ್ಕೆ ಸವೆದಿತ್ತು, ಸ್ಪೇರ್ ಸಿಗ್ಲಿಲ್ಲ, ಒಬ್ರು ಹಳೇ ಕೋವಿ ರಿಪೇರಿಯೋರು ಅರದಲ್ಲಿ ಉಜ್ಜಿ ಮಾಡ್ಕೊಟ್ರು, ಈಗ ಪಕ್ಕಾ. ಎರಡ್ನೇದು, .22 ತೋಟಾದಲ್ಲಿ ಮದ್ದು ಹತ್ತಿಸೋ ರಾಸಾಯನಿಕ ಅಂಚಿನೊಳಗೆ ಇರತ್ತೆ, ಪಿನ್ನು ಆ ಅಂಚಿಗೇ ಹೊಡಿಯೋದು, ಹಾಗಾಗಿ ಖಾಲಿ ಇಟ್ಕೊಂಡು ಟಕ್ ಟಕ್ ಅಂತ ಟ್ರಿಗರ್ ಎಳೀಬೇಡಿ, ಪಿನ್ನು ನಳಿಗೆಯ ಹಿಂಬದಿ ಅಂಚಿಗೇ ಬಡಿಯೋ ಸಾಧ್ಯತೆ ಇದೆ. ಅಕಸ್ಮಾತ್ ತೋಟಾ ಹತ್ಲಿಲ್ಲ ಅಂದ್ರೆ ನಳಿಗೆ ಗುರಿ ಕಡೆನೇ ಹಿಡಿದು ಅರ್ಧ ನಿಮಿಷ ಕಾಯಿರಿ, ಆಮೇಲೆ ಬೋಲ್ಟ್ ತೆಗೀರಿ.

ಮಂಗ ಓಡ್ಸೋಕೆ ಗಾಳಿಗೆ ಹೊಡಿಯೋಕೆ ಇದು ಬೇಡವೇ ಬೇಡ. ಗುಂಡು ಚಿಕ್ಕದಾದ್ರೂ ಒಂದೂವರೆ ಕಿಲೋಮೀಟರ್ ಹೋಗ್ಬಲ್ದು, ಆಚೆ ತೋಟದಲ್ಲಿ ಜನ ಇರ್ತಾರೆ. ಅಪ್ಪಯ್ಯ ಒಂದಿನಾನೂ ಹಿಂದೆ ಮಣ್ಣಿನ ದಿಬ್ಬ ಇಲ್ದೆ ಈಡು ಹಾರಿಸ್ಲಿಲ್ಲ.

ಎಲೆಕ್ಷನ್ ಟೈಮಲ್ಲಿ ಠಾಣೆಗೆ ಕೊಡ್ಬೇಕಾದ್ರೆ ನಳಿಗೆ ಒಳಗೂ ಹೊರಗೂ ಎಣ್ಣೆ ಹಚ್ಚೇ ಕೊಡಿ, ರಸೀದೀಲಿ ರೈಫಲ್ ನಂಬರ್ ಸರಿ ಬರ್ದಿದಾರಾ ಅಂತ ಅಲ್ಲೇ ನಿಂತು ಓದಿ.