'ಸಮ್ಮರ್ ಜಾಕೆಟ್' ತಗೊಳ್ಳುವ ಮೊದಲು ಪ್ಯಾಡ್ ಹೊರಗೆ ತೆಗೆಸಿ ನೋಡಿ

ಕಾಸರಗೋಡಿನ ಕುಂಬಳೆ, ಉಪ್ಪಳ, ಮಂಜೇಶ್ವರದಿಂದ ದಿನಾ ಮಂಗಳೂರಿಗೆ ಬೈಕಿನಲ್ಲಿ ಹೋಗಿ ಬರುವವರು ದಯವಿಟ್ಟು ಇದನ್ನು ಓದಿ. ಬದಿಯಡ್ಕ, ಪೆರ್ಲ ಕಡೆಯಿಂದ ಭಾನುವಾರ ಘಾಟಿ ಹತ್ತುವ ಹುಡುಗರೂ ಓದಿ. ಮಾರ್ಚ್ ಬಂತೆಂದರೆ ಬೈಕ್ ಸವಾರರಿಗೆಂದು 'ಸಮ್ಮರ್ ಜಾಕೆಟ್' ಎಂಬ ರೈಡಿಂಗ್ ಜಾಕೆಟ್ ಅಂಗಡಿಗಳಲ್ಲಿ ತೂಗಾಡಲು ಶುರುವಾಗುತ್ತದೆ. ಇಡೀ ಜಾಕೆಟ್ ಬಲೆಯಂಥ ಬಟ್ಟೆ, ಅಂದರೆ ಮೆಶ್. ಎತ್ತಿದರೆ ಹಗುರ. ರೇಟು ಎರಡು, ಎರಡೂವರೆ ಸಾವಿರ. ಅಂಥದ್ದೊಂದನ್ನು ಹಾಕಿಕೊಂಡೇ ನಾನು ಬಿದ್ದಿದ್ದೇನೆ. ಅದು ಎಷ್ಟು ತಡೆಯಿತು ಎಂದು ನನ್ನ ಎಡ ಮೊಣಕೈ ನೋಡಿದರೆ ಗೊತ್ತಾಗುತ್ತದೆ.

ನಮ್ಮೂರ ಸೆಕೆಯ ಬಗ್ಗೆ ಹೇಳಬೇಕಾಗಿಲ್ಲ. ಮೊಬೈಲ್ 33 ಡಿಗ್ರಿ, 34 ಡಿಗ್ರಿ ಅಂತ ತೋರಿಸುತ್ತದೆ. ಆದರೆ ಬೆವರು ಆರುವುದೇ ಇಲ್ಲ. ಹೊಸಂಗಡಿ ರೈಲ್ವೆ ಗೇಟಿನಲ್ಲಿ ಐದು ನಿಮಿಷ ನಿಂತರೆ ಬನಿಯನ್ನು ಹಿಂಡಬಹುದು. ಇಂಥಲ್ಲಿ ರೈಡಿಂಗ್ ಜಾಕೆಟ್ ಹಾಕಿದವನನ್ನು ಕಂಡರೆ ನಗುವವರೇ ಜಾಸ್ತಿ. "ಏನು ಭಾವ, ಹಿಮಾಲಯಕ್ಕೆ ಹೊರಟದ್ದಾ?" ಅಂತ ನನ್ನ ತಂಗಿಯ ಗಂಡ ಈಗಲೂ ಕೇಳುತ್ತಾನೆ. ನನ್ನ ಹಳೇ ಜಾಕೆಟ್ ದಪ್ಪ ಬಟ್ಟೆಯದ್ದು. ಏಪ್ರಿಲ್‌ನಲ್ಲಿ ಅದನ್ನು ಹಾಕಲು ಸಾಧ್ಯವೇ ಇಲ್ಲ. ಅದಕ್ಕೇ ಬಲೆಯದ್ದು ಹುಡುಕಿದ್ದು.

ಅಂಗಡಿಯ ಹೆಸರು ಬೇಡ. ಅಲ್ಲಿದ್ದವರು ಭುಜದ ಮೇಲಿನ ರಬ್ಬರ್ ಅಕ್ಷರ ತೋರಿಸಿ, "ಸಿಇ ಉಂಟು ಅಣ್ಣ, ಲೆವೆಲ್ ಟು" ಎಂದರು. ಸಿಇ ಅಂದರೆ ಯುರೋಪಿನ ಸುರಕ್ಷತೆಯ ಗುರುತು. ಪೆಟ್ಟು ತಡೆಯುವ ಒಳಗಿನ ಪ್ಯಾಡ್ ತೋರಿಸಿ ಎಂದೆ. ಕಿಸೆಯನ್ನು ಹೊಲಿದು ಮುಚ್ಚಿತ್ತು. "ಅದು ಫಿಕ್ಸ್ ಅಣ್ಣ, ಜಾರಬಾರದು ಅಂತ ಕಂಪನಿಯವರೇ ಹೊಲಿದು ಕೊಡುವುದು." ಬಿಲ್ಲಿನಲ್ಲೂ 'ಸಿಇ ಆರ್ಮರ್ ಜಾಕೆಟ್' ಅಂತ ಬರೆದು ಕೊಟ್ಟರು.

ಬಿದ್ದದ್ದು ಆರಿಕ್ಕಾಡಿ ಹತ್ತಿರ, ಸರ್ವಿಸ್ ರೋಡಿನಲ್ಲಿ. ಹೆದ್ದಾರಿ ಆರು ಪಥ ಆದ ಮೇಲೆ ಊರೊಳಗೆ ಓಡಾಡುವವರಿಗೆ ಸರ್ವಿಸ್ ರೋಡೇ ಗತಿ, ಅಲ್ವಾ? ತಿರುವಿನಲ್ಲಿ ಯಾವುದೋ ಟಿಪ್ಪರಿನಿಂದ ಚೆಲ್ಲಿದ ಬೇಬಿ ಜಲ್ಲಿ ಇತ್ತು. ಮುಂದಿನ ಟೈರ್ ಜಾರಿತು. ಸ್ಪೀಡು ನಲವತ್ತರ ಆಸುಪಾಸು ಇರಬಹುದು, ಅಷ್ಟೇ. ಎಡಗಡೆಗೆ ಬಿದ್ದು ಸ್ವಲ್ಪ ದೂರ ಉಜ್ಜಿಕೊಂಡು ಹೋದೆ. ಹೆಲ್ಮೆಟ್ ಡಾಮರಿಗೆ ತಾಗಿದ ಸದ್ದು ಕೇಳಿಸಿತು, ತಲೆಗೆ ಏನೂ ಆಗಲಿಲ್ಲ. ಗ್ಲೌಸ್ ಹಾಕಿದ್ದರಿಂದ ಅಂಗೈ ಉಳಿಯಿತು. ಜಾಕೆಟ್ ಮಾತ್ರ ಕೈ ಕೊಟ್ಟಿತು.

ಮಂಗಳೂರಿನ ಆಸ್ಪತ್ರೆಯಲ್ಲಿ ಸಿಸ್ಟರ್ ಒಬ್ಬರು ಚಿಮಟ ಹಿಡಿದು ಮೊಣಕೈಯಿಂದ ಕಪ್ಪು ನೂಲು ಒಂದೊಂದೇ ಎಳೆದು ತೆಗೆದರು. ಕೆಲವು ಬರೀ ನೂಲಲ್ಲ, ಕರಗಿ ಗಟ್ಟಿಯಾದ ಸಣ್ಣ ಸಣ್ಣ ಉಂಡೆ. ಪಾಲಿಯೆಸ್ಟರ್ ಸುಮಾರು 250–260 ಡಿಗ್ರಿಗೆ ಕರಗುತ್ತದೆ. ರಸ್ತೆಗೆ ಉಜ್ಜಿದಾಗ ತೆಳು ಬಲೆಗೆ ಆ ಬಿಸಿ ಬರಲು ತುಂಬ ಹೊತ್ತು ಬೇಕಿಲ್ಲ. "ಇದು ಯಾವ ಬಟ್ಟೆ ಮಾರಾಯ್ರೆ?" ಎಂದು ಅವರು ಕೇಳಿದರು. ರೈಡಿಂಗ್ ಜಾಕೆಟ್ ಎಂದು ಹೇಳಲು ನನಗೇ ನಾಚಿಕೆಯಾಯಿತು.

ಮನೆಗೆ ಬಂದು ಜಾಕೆಟನ್ನು ಮೇಜಿನ ಮೇಲೆ ಹರಡಿ ನೋಡಿದೆ. ಮೊಣಕೈ ಹೊರಭಾಗದಲ್ಲೂ ಬರೀ ಬಲೆ. ಸರಿಯಾದ ಮೆಶ್ ಜಾಕೆಟಿನಲ್ಲಿ ಎದೆ, ಬೆನ್ನು, ತೋಳಿನ ಒಳಭಾಗ ಇಲ್ಲೆಲ್ಲ ಬಲೆ ಇರುತ್ತದೆ. ಬಿದ್ದಾಗ ನೆಲಕ್ಕೆ ತಾಗುವ ಭುಜ ಮತ್ತು ಮೊಣಕೈ ಮೇಲೆ ಗಟ್ಟಿ ಬಟ್ಟೆ ಇರಬೇಕು. ಇದರಲ್ಲಿ ಆ ವ್ಯತ್ಯಾಸವೇ ಇರಲಿಲ್ಲ. ಹೊಲಿಗೆ ಒಂದೇ ಸಾಲು, ಭುಜದಿಂದ ಮಣಿಕಟ್ಟಿನ ತನಕ ಬಿಚ್ಚಿಕೊಂಡಿತ್ತು. ತೋಳನ್ನು ಬಿಗಿ ಮಾಡುವ ಪಟ್ಟಿ ಇಲ್ಲದ ಕಾರಣ ತೋಳು ಮೇಲೆ ಸರಿದು, ಪ್ಯಾಡ್ ಒಳಬದಿಗೆ ತಿರುಗಿತ್ತು. ಕೊನೆಗೆ ಅಡುಗೆಮನೆಯ ಚಾಕು ತಂದು ಕಿಸೆ ಕೊಯ್ದೆ. ಒಳಗಿದ್ದದ್ದು ಟಿವಿ ಡಬ್ಬದಲ್ಲಿ ಬರುವಂಥ ಬಿಳಿ ಫೋಮ್. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒತ್ತಿದರೆ ಎರಡೂ ಬೆರಳು ಒಂದಕ್ಕೊಂದು ತಾಗುತ್ತವೆ. ಅದರ ಮೇಲೆ ಒಂದೇ ಒಂದು ಅಕ್ಷರ ಇಲ್ಲ.

ಸಿಇ ಅನ್ನೋ ಎರಡು ಅಕ್ಷರ ಯಾರು ಬೇಕಾದರೂ ರಬ್ಬರಿನಲ್ಲಿ ಅಚ್ಚು ಹಾಕಬಹುದು. ನೋಡಬೇಕಾದದ್ದು ಪ್ಯಾಡಿನ ಮೇಲೆಯೇ ಇರುವ ಗುರುತು. ಇಎನ್ ಅಂದರೆ ಯುರೋಪಿನ ಮಾನದಂಡದ ನಂಬರ್: ಭುಜ, ಮೊಣಕೈ, ಮೊಣಕಾಲಿನ ಪ್ಯಾಡಿಗೆ ಇಎನ್ 1621-1, ಬೆನ್ನಿನದ್ದಕ್ಕೆ ಇಎನ್ 1621-2. ಪಕ್ಕದಲ್ಲಿ ಬೈಕ್ ಸವಾರನ ಸಣ್ಣ ಚಿತ್ರ, ಲೆವೆಲ್ 1 ಅಥವಾ 2, ಭುಜಕ್ಕೆ ಎಸ್, ಮೊಣಕೈಗೆ ಇ ಅಂತ ಅಕ್ಷರ. ಪರೀಕ್ಷೆ ಹೇಗೆಂದರೆ, ಪ್ಯಾಡಿನ ಮೇಲೆ 50 ಜೂಲ್ ಪೆಟ್ಟು ಹಾಕುತ್ತಾರೆ. ಐದು ಕಿಲೋ ತೂಕ ಒಂದು ಮೀಟರ್ ಎತ್ತರದಿಂದ ಬಿದ್ದಷ್ಟು. ಆಚೆ ಬದಿಗೆ ದಾಟುವ ಬಲ ಸರಾಸರಿ 35 ಕಿಲೋನ್ಯೂಟನ್ ಮೀರದಿದ್ದರೆ ಲೆವೆಲ್ 1, 20 ಮೀರದಿದ್ದರೆ ಲೆವೆಲ್ 2. ಕಡಿಮೆ ದಾಟಿದಷ್ಟೂ ಒಳ್ಳೆಯದು. ಬೆನ್ನಿನ ಪ್ಯಾಡಿಗೆ ಇದೇ ಮಿತಿ 18 ಮತ್ತು 9. ಬೆನ್ನಿನದ್ದನ್ನು ಬೇರೆಯೇ ಪರೀಕ್ಷಿಸಿ. ಒಳ್ಳೇ ಜಾಕೆಟಿನಲ್ಲೂ ಎಷ್ಟೋ ಸಲ ಬೆನ್ನಿನ ಕಿಸೆಯಲ್ಲಿ ಸುಮ್ನೆ ಒಂದು ಫೋಮ್ ಹಾಳೆ ಇಟ್ಟು ಕೊಡುತ್ತಾರೆ.

ಸೆಕೆಯ ಊರಿನವರು ಗಮನಿಸಬೇಕಾದ ಗುರುತು ಇನ್ನೊಂದಿದೆ. 'ಟಿ+' ಎಂದಿದ್ದರೆ ಆ ಪ್ಯಾಡನ್ನು 40 ಡಿಗ್ರಿಯಲ್ಲೂ ಪರೀಕ್ಷೆ ಮಾಡಿದ್ದಾರೆ ಎಂದರ್ಥ. ಮೆತ್ತಗಿನ ಕೆಲವು ಪ್ಯಾಡ್ ಬಿಸಿಗೆ ಇನ್ನೂ ಮೆತ್ತಗಾಗುತ್ತವೆ. ಈ ಪರೀಕ್ಷೆ ಕಡ್ಡಾಯವಲ್ಲ, ಹಾಗಾಗಿ ಎಲ್ಲದರಲ್ಲೂ ಇರುವುದಿಲ್ಲ.

ಇಡೀ ಜಾಕೆಟಿಗೆ ಬೇರೆ ಲೇಬಲ್, ಇಎನ್ 17092. ಎಎಎ, ಎಎ, ಎ ಎಂಬ ದರ್ಜೆ, ಎಎಎ ಎಲ್ಲಕ್ಕಿಂತ ಗಟ್ಟಿ. ಉಜ್ಜಿದರೆ, ಎಳೆದರೆ ಬಟ್ಟೆ ಮತ್ತು ಹೊಲಿಗೆ ಎಷ್ಟು ತಾಳುತ್ತವೆ ಎಂಬ ಲೆಕ್ಕ. ಗಾಳಿಯಾಡುವ ಮೆಶ್ ಹೆಚ್ಚಾಗಿ 'ಎ'ಯಲ್ಲೇ ನಿಲ್ಲುತ್ತದೆ. ಊರೊಳಗಿನ ಸ್ಪೀಡಿಗೆ ನನಗೆ ಅದು ಸಾಕು. ಎಎಎ ತಂದು ಮೇ ತಿಂಗಳಲ್ಲಿ ಗೋಡೆಗೆ ನೇತುಹಾಕುವುದಕ್ಕಿಂತ ದಿನಾ ಹಾಕುವ 'ಎ' ಮೇಲು.

ಅಂಗಡಿಗೆ ಫೋನ್ ಮಾಡಿದೆ. "ಯೂಸ್ ಮಾಡಿದ ಮಾಲು ವಾಪಸ್ ಇಲ್ಲ ಅಣ್ಣ." ಬಿದ್ದ ಮೇಲೆ ತಾನೇ ಅದರ ಯೂಸ್? ಬಿಲ್ ಇದ್ದದ್ದರಿಂದ ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟೆ. ಇದನ್ನು ಬರೆಯುವ ಹೊತ್ತಿಗೆ ದುಡ್ಡು ಬಂದಿಲ್ಲ. ಆದರೂ ನೀವು ತಗೊಳ್ಳುವಾಗ ಬಿಲ್ಲಿನಲ್ಲಿ ಪ್ಯಾಡಿನ ಇಎನ್ ನಂಬರ್ ಬರೆಸಿಕೊಳ್ಳಿ. ಬರೆಯಲು ಹಿಂದೆ ಮುಂದೆ ನೋಡಿದರೆ ಅಲ್ಲಿಂದ ಎದ್ದು ಬನ್ನಿ.

ಇನ್ನೊಂದು ದುಡ್ಡು ದಂಡದ ಕತೆ. ಸೋಲಾಪುರದಲ್ಲಿರುವ ಚಿಕ್ಕಪ್ಪನ ಮಗ ಕೂಲಿಂಗ್ ವೆಸ್ಟ್ ಹಾಕು ಎಂದು ಹೇಳುತ್ತಲೇ ಇದ್ದ. ನೀರಲ್ಲಿ ಅದ್ದಿ, ಹಿಂಡಿ, ಜಾಕೆಟಿನ ಒಳಗೆ ಹಾಕುವುದು. ಅವನು ಸುಳ್ಳು ಹೇಳಲಿಲ್ಲ. ಅಲ್ಲಿ ಒಣ ಬಿಸಿಲು, ನೀರು ಬೇಗ ಆವಿಯಾಗುತ್ತದೆ, ಆವಿಯಾಗುವಾಗ ಮೈಯ ಬಿಸಿ ಎಳೆದುಕೊಳ್ಳುತ್ತದೆ. ನಮ್ಮಲ್ಲಿ ಗಾಳಿಯೇ ನೀರು ತುಂಬಿಕೊಂಡಿರುವಾಗ ಆವಿ ಹೋಗುವುದೆಲ್ಲಿಗೆ? ಕುಂಬಳೆ ದಾಟುವಷ್ಟರಲ್ಲಿ ಒದ್ದೆ ಗೋಣಿ ಹೊದ್ದ ಹಾಗಾಯಿತು. ರಾತ್ರಿ ಬೆನ್ನು ತುಂಬ ಸೆಕೆಬೊಕ್ಕೆ. ಕಾಸರಗೋಡಿನಲ್ಲಿ ಯಾರಾದರೂ ಅದನ್ನು ಮಾರಲು ಬಂದರೆ ತಗೊಳ್ಳಬೇಡಿ.

ಅವನ ಊರಿಗೂ ನಮ್ಮೂರಿಗೂ ಇನ್ನೊಂದು ವ್ಯತ್ಯಾಸ ಇದೆ. ಚರ್ಮದ ಬಿಸಿ ಸುಮಾರು 35 ಡಿಗ್ರಿ. ಅಲ್ಲಿ ಗಾಳಿ 42 ಇದ್ದಾಗ ಎಲ್ಲ ಜಿಪ್ ತೆರೆದು ಓಡಿಸಿದರೆ ಬಿಸಿ ಒಳಗೇ ಬರುತ್ತದೆ, ಬೆವರು ಆರಿ ಗಂಟಲು ಒಣಗುತ್ತದೆ. ಅವರು ಸ್ವಲ್ಪ ಮುಚ್ಚಿಕೊಳ್ಳುವುದೇ ಸರಿ. ನಮ್ಮಲ್ಲಿ ಗಾಳಿ ಚರ್ಮಕ್ಕಿಂತ ಒಂಚೂರು ತಂಪು. ಗಾಳಿ ಮೈ ಮೇಲೆ ಹರಿದಷ್ಟೂ ಒಳ್ಳೆಯದು. ಬೈಕ್ ಓಡುವಾಗ ಮೆಶ್ ಜಾಕೆಟ್ ಅಷ್ಟೇನೂ ಕಾಟ ಕೊಡುವುದಿಲ್ಲ, ಕಷ್ಟವೆಲ್ಲ ನಿಂತಾಗ. ಅದಕ್ಕೆ ಗೇಟಿನಲ್ಲಿ, ಬ್ಲಾಕಿನಲ್ಲಿ ನಾನು ಎಂಜಿನ್ ಆಫ್ ಮಾಡಿ ಜಿಪ್ ಪೂರ್ತಿ ಇಳಿಸುತ್ತೇನೆ. ಹೊರಡುವಾಗ ಮತ್ತೆ ಏರಿಸುತ್ತೇನೆ. ಜಿಪ್ ತೆರೆದಿಟ್ಟು ಓಡಿಸುವವರನ್ನು ನೋಡಿದ್ದೇನೆ. ಬಿದ್ದರೆ ಆ ಜಾಕೆಟ್ ಮೈ ಮೇಲೆ ನಿಲ್ಲುವುದಿಲ್ಲ.

ಒಳಗೆ ಹತ್ತಿ ಬನಿಯನ್ ಬಿಟ್ಟಿದ್ದೇನೆ. ಅದು ಬೆವರು ಕುಡಿದು ಮೈಗೆ ಅಂಟುತ್ತದೆ. ಆಟದವರು ಹಾಕುವ ತೆಳು ಪೂರ್ತಿ ತೋಳಿನ ಬನಿಯನ್ ಹಾಕಿದರೆ ಜಾಕೆಟ್ ಚರ್ಮಕ್ಕೆ ಉಜ್ಜುವುದಿಲ್ಲ, ಬೊಕ್ಕೆಯೂ ಕಡಿಮೆ. ಜಾಕೆಟೇ ಬೇಡ ಎನ್ನುವ ನನ್ನ ಭಾವನಿಗೆ ಆರ್ಮರ್ ಶರ್ಟ್ ಕೊಡಿಸಿದೆ. ಬಲೆಯ ಅಂಗಿಗೆ ಸರಿಯಾದ ಪ್ಯಾಡ್ ಹಾಕಿರುತ್ತಾರೆ, ಮೇಲೆ ಸಡಿಲ ಜೀನ್ಸ್ ಶರ್ಟ್ ಹಾಕಿದರೆ ಆಯಿತು. ಪೆಟ್ಟು ತಡೆಯುತ್ತದೆ. ಉಜ್ಜುವುದನ್ನು ಅಷ್ಟಾಗಿ ತಡೆಯುವುದಿಲ್ಲ. ಅಂಗಡಿಗೆ ಹೋಗಿ ಬರುವಷ್ಟಕ್ಕೆ ಅಡ್ಡಿಯಿಲ್ಲ, ಹೆದ್ದಾರಿಗೆ ಬೇಡ.

ಸೆಕೆಯನ್ನೂ ಹಗುರವಾಗಿ ನೋಡಬೇಡಿ. ತಲೆ ತಿರುಗಿದರೆ, ವಾಕರಿಕೆ ಬಂದರೆ, ಕಾಲಿನ ಸ್ನಾಯು ಹಿಡಿದರೆ ಆಗಲೇ ನೆರಳಿಗೆ ಹೋಗಿ, ಜಾಕೆಟ್ ಬಿಚ್ಚಿ, ಬೊಂಡವೋ (ಎಳನೀರು) ಉಪ್ಪು ಹಾಕಿದ ಮಜ್ಜಿಗೆಯೋ ಕುಡಿಯಿರಿ. ಓಆರ್‌ಎಸ್ ಆದರೆ ದೊಡ್ಡ ಪ್ಯಾಕೆಟ್ ಒಂದು ಲೀಟರ್ ನೀರಿಗೆ, ಅರ್ಧ ಲೀಟರಿಗಲ್ಲ. ಜೊತೆಯವನು ತಾಳಮೇಳವಿಲ್ಲದೆ ಮಾತಾಡುತ್ತಿದ್ದರೆ, ಮೈ ಸುಡುತ್ತಿದ್ದರೆ ಬೊಂಡ ಹುಡುಕುತ್ತ ನಿಲ್ಲಬೇಡಿ. ಮೈ ಮೇಲೆ ನೀರು ಹೊಯ್ದು, ಗಾಳಿ ಹಾಕುತ್ತ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ನಾನು ತಗೊಂಡ ಜಾಕೆಟಿನ ಗುರುತು ಇಷ್ಟು: ಕಪ್ಪು ಬಲೆ, ಎರಡೂ ಭುಜದಲ್ಲಿ ಬಿಳಿ ರಬ್ಬರಿನ ಸಿಇ, ಒಳಗೆ ಕಂಪನಿಯ ವಿಳಾಸವೇ ಇಲ್ಲದ ಲೇಬಲ್, ಹೊಲಿದು ಮುಚ್ಚಿದ ಪ್ಯಾಡ್ ಕಿಸೆ. ಮೊನ್ನೆ ಅದೇ ಮಾಲನ್ನು ಬೇರೆ ಹೆಸರಿನಲ್ಲಿ, ಇನ್ನೂರು ರೂಪಾಯಿ ಜಾಸ್ತಿಗೆ ಮಾರುತ್ತಿದ್ದರು.