ಸೋಡಾ ಅಂತ ಕೊಟ್ಟಿದ್ದು ಕಾಸ್ಟಿಕ್: ಸ್ವಾತಂತ್ರ್ಯ ದಿನಕ್ಕೆ ಮನೆಯಲ್ಲಿ ಟೈ-ಡೈ ಮಾಡುವವರು ಓದಿ

ಆಗಸ್ಟ್ 15 ಬಂತು ಅಂದರೆ ಮಕ್ಕಳಿಗೆ ಮನೆಯಲ್ಲೇ ಕೇಸರಿ, ಬಿಳಿ, ಹಸಿರು ಟೈ-ಡೈ (ಬಟ್ಟೆ ಕಟ್ಟಿ ಬಣ್ಣ ಹಾಕುವುದು) ಟೀ ಶರ್ಟ್ ಮಾಡಿ ಹಾಕಿಸುವುದು ಈಗ ನಮ್ಮ ದಾವಣಗೆರೆಯಲ್ಲೂ ಶುರುವಾಗಿದೆ. ಮಾಡಿ, ಬೇಡ ಅನ್ನಲ್ಲ. ಆದರೆ ಅದಕ್ಕೆ ಬೇಕಾದ ಸೋಡಾವನ್ನು ಮಾತ್ರ ಹೆಸರಿಲ್ಲದ ಕವರಿನಲ್ಲಿ ಬಿಡಿಯಾಗಿ ತರಬೇಡಿ. ನಮ್ಮ ಮನೆಗೆ ಹಾಗೆ ಬಂದದ್ದು ವಾಷಿಂಗ್ ಸೋಡಾ ಅಲ್ಲ, ಚರ್ಮ ಸುಡುವಂಥ ಕಾಸ್ಟಿಕ್ ಸೋಡಾ. ನನ್ನ ನಾದಿನಿಯ ಕೈ ಸುಟ್ಟಿತು. ಮಕ್ಕಳಿಬ್ಬರೂ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಿದ್ದರು.

ಸೋಡಾ ಯಾಕೆ ಬೇಕು ಅಂತ ಮೊದಲು ಹೇಳಿಬಿಡುತ್ತೇನೆ. ಹತ್ತಿ ಬಟ್ಟೆಗೆ ಹಾಕುವ ರಿಯಾಕ್ಟಿವ್ ಬಣ್ಣಕ್ಕೆ ಕುದಿಯುವ ನೀರು ಬೇಕಾಗಿಲ್ಲ, ಆದರೆ ಕ್ಷಾರ ಬೇಕೇ ಬೇಕು. ಅದಕ್ಕೇ ಬಟ್ಟೆಯನ್ನು ವಾಷಿಂಗ್ ಸೋಡಾ, ಅಂದರೆ ಸೋಡಿಯಂ ಕಾರ್ಬೊನೇಟ್ ಕರಗಿಸಿದ ನೀರಿನಲ್ಲಿ ನೆನೆಸುತ್ತಾರೆ. ಲೀಟರಿಗೆ ಐವತ್ತು ಅರವತ್ತು ಗ್ರಾಂ, ಒಂದು ಹದಿನೈದು ನಿಮಿಷ ಸಾಕು. ಆಮೇಲೆ ಹಿಂಡಿ, ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ ಬಣ್ಣ ಬಿಡುವುದು. ಅಡುಗೆ ಸೋಡಾದಲ್ಲಿ ಅಷ್ಟು ಕ್ಷಾರ ಇಲ್ಲ, ಅದು ನಡೆಯಲ್ಲ. ವಿಡಿಯೋ ಮಾಡುವವರು ಇದ್ಯಾವುದನ್ನೂ ಹೇಳಲ್ಲ. 'ಸ್ವಲ್ಪ ಸೋಡಾ ಹಾಕಿ' ಅಂದು ಮುಂದಕ್ಕೆ ಓಡುತ್ತಾರೆ.

ನಾವು ಪೇಟೆಯ ಒಂದು ಅಂಗಡಿಯಲ್ಲಿ ಬಣ್ಣ ಕೊಂಡು, "ಬಟ್ಟೆಗೆ ಹಾಕೋ ವಾಷಿಂಗ್ ಸೋಡಾ ಕೊಡ್ರಿ" ಅಂತಲೇ ಕೇಳಿದೆವು. ಹುಡುಗ ಒಂದು ಡಬ್ಬಿಗೆ ಕೈ ಹಾಕದೆ ಸೌಟಿನಲ್ಲಿ ಮೊಗೆದು, ಪ್ಲಾಸ್ಟಿಕ್ ಕವರಿಗೆ ಸುರಿದು ಗಂಟು ಹಾಕಿದ. ಅವನಿಗೆ ಕೈ ಹಾಕಬಾರದು ಅನ್ನುವುದು ಗೊತ್ತಿತ್ತು ಅಂತ ಈಗ ಅನಿಸುತ್ತೆ. "ಇದೇ ಅಕ್ಕಾ, ಎಲ್ಲಾರೂ ಇದನ್ನೇ ಒಯ್ತಾರ" ಅಂದ. ಒಳಗಿದ್ದದ್ದು ಸಬ್ಬಕ್ಕಿಯಂಥ ಬಿಳಿ ಗುಂಡುಗಳು.

ಹಿತ್ತಲಿನಲ್ಲಿ ಬಣ್ಣಕ್ಕೆಂದೇ ಎತ್ತಿಟ್ಟ ಹಳೇ ಜರ್ಮನ್ (ಅಲ್ಯೂಮಿನಿಯಂ) ಬೋಗುಣಿ ಇತ್ತು. ಅದರಲ್ಲಿ ನೀರು ಹಾಕಿ ಸೋಡಾ ಸುರಿದದ್ದೇ ತಡ, ಸೊರ್ ಅಂತ ಸದ್ದು. ಬೋಗುಣಿಯ ಒಳಮೈ ತುಂಬ ಸಣ್ಣ ಸಣ್ಣ ಗುಳ್ಳೆ ಎದ್ದವು, ನೀರು ಬೂದು ಬಣ್ಣಕ್ಕೆ ತಿರುಗಿತು. ಹೊರಗಿನಿಂದ ಮುಟ್ಟಿದರೆ ಬಿಸಿ. ಒಲೆ ಹಚ್ಚಿಲ್ಲ, ಬಿಸಿನೀರು ಹಾಕಿಲ್ಲ, ಎಲ್ಲಿಂದ ಬಂತು ಬಿಸಿ? ಅಷ್ಟರಲ್ಲಿ ನಾದಿನಿ ಬಟ್ಟೆ ಅದ್ದಲು ಕೈ ಇಳಿಸಿ ಆಗಿತ್ತು. "ಅತ್ತಿಗೆ, ಏನಿದು, ಸೋಪಿನಂಗೆ ಜಾರ್ತದಲ್ಲಾ" ಅಂತ ಬೆರಳು ಉಜ್ಜಿ ತೋರಿಸಿದಳು. ಮೊದಲು ಉರಿಯೇ ಇರಲಿಲ್ಲ. ಆ ಜಾರಿಕೆ ಸೋಪಿನದ್ದಲ್ಲ, ಚರ್ಮದ ಮೇಲಿನ ಪದರ ಕರಗುತ್ತಿದ್ದದ್ದು. ಉರಿ ಶುರುವಾದ ಮೇಲೆ ಅವಳು ಕಿರುಚಿದ್ದು ನಮ್ಮ ಬೀದಿಗೆಲ್ಲ ಕೇಳಿಸಿತು.

ಅತ್ತೆ ತುಪ್ಪದ ಡಬ್ಬಿ ತಂದರು, ಪಕ್ಕದ ಮನೆಯವರು ನಿಂಬೆಹಣ್ಣು ಹಿಂಡಿ ಅಂದರು. ಎರಡೂ ಬೇಡ. ಕಾಸ್ಟಿಕ್ ಬಿದ್ದರೆ ನಲ್ಲಿ ಬಿಟ್ಟು, ಹರಿಯುವ ನೀರಿನ ಕೆಳಗೆ ಕನಿಷ್ಠ 20 ನಿಮಿಷ ಹಿಡಿಯಬೇಕು. ಹುಳಿ ಹಾಕಿದರೆ ಅದು ಇನ್ನಷ್ಟು ಬಿಸಿ ಹುಟ್ಟಿಸುತ್ತೆ. ತುಪ್ಪ, ಪೇಸ್ಟು, ಅರಿಶಿನ ಹಚ್ಚಿದರೆ ಕ್ಷಾರ ಒಳಗೇ ಉಳಿಯುತ್ತೆ. ಬಳೆ, ಉಂಗುರ ತಕ್ಷಣ ತೆಗೆಸಿ. ನಾದಿನಿಗೆ ಎಲ್ಲಕ್ಕಿಂತ ಜಾಸ್ತಿ ಆದದ್ದು ಉಂಗುರದ ಕೆಳಗೇ. ಅಲ್ಲಿ ಕಾಸ್ಟಿಕ್ ನೀರು ನಿಂತು ಚರ್ಮ ಬೆಳ್ಳಗೆ ಬೆಂದಿತ್ತು. ದಸರಾ ಹೊತ್ತಿಗೂ ಆ ಗುರುತು ಹೋಗಿರಲಿಲ್ಲ. ಕಣ್ಣಿಗೆ ಹಾರಿದರೆ ನೀರು ಹಾಕುತ್ತಲೇ ಇರಿ, ತಡ ಮಾಡದೆ ಆಸ್ಪತ್ರೆಗೆ ಒಯ್ಯಿರಿ. ಮಗು ಬಾಯಿಗೆ ಹಾಕಿಕೊಂಡರೆ ವಾಂತಿ ಮಾಡಿಸಲೇಬೇಡಿ. ಬಾಯಿ ತೊಳೆಸಿ, ನೆಟ್ಟಗೆ ಆಸ್ಪತ್ರೆಗೆ ಓಡಿ. ಒಳಗೆ ಇಳಿಯುವಾಗ ಸುಟ್ಟ ಅನ್ನನಾಳ ವಾಂತಿಯಲ್ಲಿ ಮತ್ತೊಮ್ಮೆ ಸುಡುತ್ತೆ.

ಅದು ಏನು ಅಂತ ಹೇಳಿದ್ದು ಎದುರು ಮನೆಯ ಅಜ್ಜ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ದ ಕಾಲದಲ್ಲಿ ಕಾಟನ್ ಮಿಲ್ಲಿನಲ್ಲಿ ದುಡಿದವರು. ಬೋಗುಣಿ ನೋಡಿದ್ದೇ, "ಇದು ಕಾಸ್ಟಿಕ್ ಐತವ್ವಾ, ಚೆಲ್ಲಬ್ಯಾಡ್ರಿ, ಹುಡುಗರನ್ನ ಒಳಗ ಕಳಸ್ರಿ" ಅಂದರು. ಮಿಲ್ಲಿನಲ್ಲಿ ಬಟ್ಟೆಯ ಜಿಡ್ಡು, ಕೊಳೆ ತೆಗೆಯಲು ಇದನ್ನು ಹಾಕಿ ಕುದಿಸುತ್ತಿದ್ದರಂತೆ. ಗಂಬೂಟು, ಕೈಗವಸು ಇಲ್ಲದೆ ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲವಂತೆ. ಬೋಗುಣಿಯಿಂದ ಏಳುತ್ತಿದ್ದ ಗ್ಯಾಸು ಹೈಡ್ರೋಜನ್, ಬೆಂಕಿ ಹತ್ತುವಂಥದ್ದು. ಕಾಸ್ಟಿಕ್ ಅಲ್ಯೂಮಿನಿಯಂ ಅನ್ನು ತಿಂದಾಗ ಅದು ಹುಟ್ಟುತ್ತೆ. ಪುಣ್ಯಕ್ಕೆ ನೀರೊಲೆ ಆರಿತ್ತು.

ಅಂಗಡಿಗೆ ಹೋಗಿ ಕೇಳಿದರೆ ಮಾಲೀಕರ ಉತ್ತರ: "ಸೋಡಾ ಕೇಳಿದ್ರಿ, ಸೋಡಾ ಕೊಟ್ಟೀವಿ." ಹಿಂದೆ ತಿರುಗಿ ನೋಡಿದರೆ ಎರಡು ಡಬ್ಬಿ ಅಕ್ಕಪಕ್ಕ, ಎರಡರ ಮೇಲೂ ಚೀಟಿ ಇಲ್ಲ. ಒಂದು ಸೋಪು ಮಾಡುವವರಿಗೆ, ಕಟ್ಟಿದ ಚರಂಡಿ ಬಿಡಿಸುವವರಿಗೆ. ಇನ್ನೊಂದು ಬಟ್ಟೆ ತೊಳೆಯುವವರಿಗೆ. ದುಡ್ಡು ವಾಪಸ್ ಕೊಡ್ತೀವಿ ಅಂದರು. ಆಸ್ಪತ್ರೆ ಖರ್ಚಿನ ಮಾತು ಬಂದಾಗ ಬೇರೆ ಗಿರಾಕಿ ಕಡೆ ತಿರುಗಿದರು.

ಹಾಗಾಗಿ, ಹೆಸರು ಅಚ್ಚಾದ ಸೀಲ್ ಪ್ಯಾಕೆಟ್ ಮಾತ್ರ ತಗೊಳ್ಳಿ. ವಾಷಿಂಗ್ ಸೋಡಾ ಸಾಮಾನ್ಯವಾಗಿ ಪುಡಿ ಅಥವಾ ಹರಳು. ಕಾಸ್ಟಿಕ್ ಗುಂಡು ಇಲ್ಲವೇ ಚಕ್ಕೆ, ಗಾಳಿಗೆ ಬಿಟ್ಟರೆ ಸ್ವಲ್ಪ ಹೊತ್ತಿಗೇ ಬೆವರಿ ಅಂಟಂಟಾಗುತ್ತೆ. ವಾಷಿಂಗ್ ಸೋಡಾ ಕರಗುವಾಗ ನೀರು ತುಸು ಬೆಚ್ಚಗಾದೀತು, ಅಷ್ಟೇ. ಪಾತ್ರೆ ಸುಡುವಷ್ಟು ಬಿಸಿಯಾದರೆ ಕೈ ಹಾಕಬೇಡಿ. ನೋಡಿ ಗುರುತಿಸ್ತೀನಿ ಅನ್ನುವ ಧೈರ್ಯವೂ ಬೇಡ, ಕಾಸ್ಟಿಕ್ ಪುಡಿಯಾಗಿಯೂ ಸಿಗುತ್ತೆ. ಪ್ಲಾಸ್ಟಿಕ್ ಬಕೆಟ್ ಇರಲಿ, ರಬ್ಬರ್ ಗ್ಲೌಸ್ ಇರಲಿ. ವಾಷಿಂಗ್ ಸೋಡಾ ಕೂಡ ಬರಿಗೈಗೆ ಒಳ್ಳೇದಲ್ಲ. ಬಣ್ಣದ ಪುಡಿ ಕಲಸುವಾಗ ಮೂಗಿಗೆ ಮಾಸ್ಕ್ ಹಾಕಿ. ಆ ಧೂಳಿಗೆ ಕೆಲವರಿಗೆ ಉಬ್ಬಸ ಬರುತ್ತೆ. ಸೋಡಾ ನೆನೆಸುವ ಕೆಲಸಕ್ಕೆ ಮಕ್ಕಳನ್ನು ಕರೆಯಲೇಬೇಡಿ, ರಬ್ಬರ್ ಬ್ಯಾಂಡ್ ಕಟ್ಟುವಾಗ ಕರೆದರೆ ಸಾಕು.

ಇಷ್ಟೆಲ್ಲ ಆಗಿಯೂ ಬಣ್ಣ ನಿಂತಿತಾ? ಇಲ್ಲ. ಕಾಸ್ಟಿಕ್‌ನಲ್ಲಿ ಅದ್ದಿಟ್ಟಿದ್ದ ಒಂದು ಅಂಗಿಗೆ ಅಜ್ಜನೇ ಕುತೂಹಲಕ್ಕೆ ಕೋಲಿನಿಂದ ಎತ್ತಿ ಹಿಡಿದು ಬಣ್ಣ ಹಾಕಿ ನೋಡಿದರು. ಕ್ಷಾರ ಅತಿಯಾದರೆ ಬಣ್ಣ ಬಟ್ಟೆಗೆ ಹತ್ತುವ ಮೊದಲೇ ನೀರಿನಲ್ಲಿ ಕೆಡುತ್ತೆ. ತೊಳೆದಾಗ ಎಲ್ಲಾ ಹರಿದುಹೋಯಿತು. ಜೊತೆಗೆ ಕಾಟನ್ ಅಂತ ಮಾರಿದ್ದ ಆ ಅಂಗಿಯಲ್ಲಿ ಪಾಲಿಯೆಸ್ಟರ್ ಇತ್ತು. ಹೊಲಿಗೆ ದಾರವಲ್ಲ, ಬಟ್ಟೆಯದ್ದೇ ಒಂದು ಎಳೆ ಒಳಅಂಚಿನಿಂದ ಕಿತ್ತು ಬೆಂಕಿ ಕಡ್ಡಿಗೆ ಹಿಡಿದರೆ ಗೊತ್ತಾಗುತ್ತೆ: ಹತ್ತಿ ಬೂದಿಯಾಗುತ್ತೆ, ಪಾಲಿಯೆಸ್ಟರ್ ಕರಗಿ ಕರೀ ಗುಂಡಾಗಿ ಗಟ್ಟಿಯಾಗುತ್ತೆ. ಪಾಲಿಯೆಸ್ಟರ್‌ಗೆ ಈ ಬಣ್ಣ ಹತ್ತಲ್ಲ.

ಇನ್ನು ಕೇಸರಿ ಮತ್ತು ಹಸಿರು ಒಂದಕ್ಕೊಂದು ತಾಗಿದರೆ ಕೆಸರಿನ ಬಣ್ಣವೇ, ನಡುವೆ ಬಿಳಿಗೆ ಅಗಲವಾಗಿ ಜಾಗ ಬಿಡಿ. ತೊಳೆದ ನೀರು ತಿಳಿಯಾಗುವ ತನಕ ತೊಳೆಯಿರಿ, ಆಮೇಲೆ ಬಣ್ಣ ಬಿಡುತ್ತಾ ಅಂತ ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ. ಆಗಸ್ಟಿನಲ್ಲಿ ನಮ್ಮೂರಲ್ಲಿ ಧ್ವಜ ಹಾರಿಸುವ ಹೊತ್ತಿಗೇ ಜಿಟಿಜಿಟಿ ಮಳೆ ಹಿಡಿಯುವುದು ಹೊಸದೇನಲ್ಲ.

ಅಂಗಿ ಮೇಲೆ ಧ್ವಜವನ್ನೇ, ಚಕ್ರ ಸಮೇತ, ಅಚ್ಚು ಹಾಕಿಸುವ ಯೋಚನೆ ಇದ್ದರೆ ಬಿಡಿ. 1971ರ ರಾಷ್ಟ್ರೀಯ ಗೌರವಕ್ಕೆ ಅಪಮಾನ ತಡೆ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಆಗಿದೆ. ಕರವಸ್ತ್ರ, ದಿಂಬು, ಉಡುಪಿನ ಬಟ್ಟೆ ಮೇಲೆ ಧ್ವಜ ಅಚ್ಚು ಹಾಕುವುದು, ಸೊಂಟದಿಂದ ಕೆಳಗಿನ ಉಡುಪಿಗೆ ಬಳಸುವುದು ಅದರ ಪ್ರಕಾರ ತಪ್ಪು. ಸುಮ್ನೆ ಮೂರು ಬಣ್ಣದ ಸುಳಿ ಸಾಕು.

ಉಳಿದ ಕಾಸ್ಟಿಕ್ ಕವರನ್ನು ಮನೆಯಲ್ಲಿ ಇಟ್ಟುಕೊಳ್ಳಲಿಲ್ಲ. ಅಜ್ಜನೇ ಗ್ಲೌಸ್ ಹಾಕಿಕೊಂಡು ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗೆ ತುಂಬಿ, ಮೇಲೆ ಪೆನ್ನಿನಲ್ಲಿ 'ಕಾಸ್ಟಿಕ್, ಮುಟ್ಟಬಾರದು' ಅಂತ ದಪ್ಪಗೆ ಬರೆದು, ಅದೇ ಅಂಗಡಿಯ ಕೌಂಟರ್ ಮೇಲೆ ಇಟ್ಟು ಬಂದರು.