ಸಂಪಾಜೆ ಘಾಟಿಗೆ ಯಾವ ಫಿಫ್ತ್ ವೀಲ್: ಗ್ರೀಸಿನದೋ, ಪ್ಲಾಸ್ಟಿಕ್ ಪಟ್ಟಿಯದೋ?

ನನ್ನ ಬಳಿ ಎರಡು ಹಾರ್ಸ್‌ಗಳಿವೆ. ಟ್ರೇಲರ್ ಎಳೆಯುವ ಗಾಡಿಯನ್ನು ನಮ್ಮ ಕಸುಬಿನವರು ಹಾಗೆ ಕರೆಯುತ್ತಾರೆ. ಕುದುರೆಗೂ ಅದಕ್ಕೂ ಇರುವ ಹೋಲಿಕೆ ಮೇವಿನ ಖರ್ಚಿನಲ್ಲಿ ಮಾತ್ರ. ಕುಶಾಲನಗರದಲ್ಲಿ ಕಾಫಿ ಬೀಜ ಹಸನು ಮಾಡುವ ಕ್ಯೂರಿಂಗ್ ವರ್ಕ್ಸ್‌ಗಳಿಂದ ಕಾಫಿಯ ಕಂಟೈನರ್ ಹೊತ್ತು ಮಡಿಕೇರಿ, ಸಂಪಾಜೆ, ಸುಳ್ಯದ ಮೇಲಿಂದ ಮಂಗಳೂರು ಬಂದರು ಸೇರುವುದು ಇವುಗಳ ಕೆಲಸ. ಒಂದಕ್ಕೆ ಗ್ರೀಸ್ ಬಳಿಯುವ ಉಕ್ಕಿನ ಫಿಫ್ತ್ ವೀಲ್ ಇದೆ, ಇನ್ನೊಂದಕ್ಕೆ ಮೇಲೆ ಪ್ಲಾಸ್ಟಿಕ್ ಪಟ್ಟಿ ಕೂರಿಸಿದ್ದು. ಮೂರು ಕೊಯ್ಲು, ಮೂರು ಮಳೆಗಾಲ ಎರಡನ್ನೂ ಓಡಿಸಿ ನೋಡಿದ್ದೇನೆ.

ಫಿಫ್ತ್ ವೀಲ್ ಎಂದರೆ ಹಾರ್ಸ್‌ನ ಬೆನ್ನ ಮೇಲೆ ಕೂರಿಸಿದ, ಹಿಂದಕ್ಕೆ ಬಾಯಿ ತೆರೆದ ದಪ್ಪ ತಟ್ಟೆ. ಟ್ರೇಲರ್‌ನ ಅಡಿಯಲ್ಲಿರುವ ಉಕ್ಕಿನ ಗೂಟ, ಅಂದರೆ ಕಿಂಗ್ ಪಿನ್, ಆ ಬಾಯಿಗೆ ಬಂದು ಕೂರುತ್ತದೆ, ಒಳಗಿನ ದವಡೆ ಅದನ್ನು ಕಚ್ಚಿ ಹಿಡಿಯುತ್ತದೆ. ಟ್ರೇಲರ್‌ನ ಮುಂಭಾಗದ ಭಾರವೆಲ್ಲ ತಟ್ಟೆಯ ಮೇಲೆ ಬೀಳುವುದರಿಂದ ಪ್ರತಿ ತಿರುವಿನಲ್ಲೂ ಎರಡು ಉಕ್ಕಿನ ಮೈಗಳು ತೇಯುತ್ತವೆ. ತಟ್ಟೆ ಒಣಗಿದ್ದರೆ ಸ್ಟೀರಿಂಗ್ ಬಿಗಿಯುತ್ತದೆ. ಒದ್ದೆ ರಸ್ತೆಯಲ್ಲಿ ಮುಂದಿನ ಚಕ್ರಗಳು ತಿರುವು ಬಿಟ್ಟು ಹೊರಕ್ಕೆ ಜಾರಲು ನೋಡುತ್ತವೆ. ಮೈಸೂರಿನ ಕಡೆಯ ನೇರ ರಸ್ತೆಯಲ್ಲಿ ಇದು ಗಮನಕ್ಕೇ ಬರುವುದಿಲ್ಲ. ಮದೆನಾಡು ಬಿಟ್ಟು ಜೋಡುಪಾಲದ ಕಡೆಗೆ ಇಳಿಯುವಾಗ ಬೆವರು ಇಳಿಸುತ್ತದೆ.

ಗ್ರೀಸಿನ ತಟ್ಟೆಗೆ ನಮ್ಮ ಮಳೆಯೇ ಶತ್ರು. ಲಿಥಿಯಂ ಗ್ರೀಸ್, ಅದರಲ್ಲೂ ಮಾಲಿಬ್ಡಿನಂ ಡೈಸಲ್ಫೈಡ್ ಸೇರಿದ ಕಪ್ಪು ಗ್ರೀಸ್ ಹೆಚ್ಚು ನಿಲ್ಲುತ್ತದೆ, ನಿಜ. ಆದರೂ ಜೂನ್, ಜುಲೈಯಲ್ಲಿ ಬಯಲುಸೀಮೆಯ ಲೆಕ್ಕದಲ್ಲಿ ಬಳಿದರೆ ಸಾಲದು. ಜನವರಿಯ ತೊಂದರೆ ಬೇರೆ: ರಸ್ತೆಯ ದೂಳು ಗ್ರೀಸಿಗೆ ಮೆತ್ತಿ ಸಾಣೆಯ ಹಿಟ್ಟಾಗುತ್ತದೆ. ಅದರ ಮೇಲೆಯೇ ಹೊಸ ಗ್ರೀಸ್ ಬಳಿಯುವುದು ಕೊಳೆಯ ಮೇಲೆ ಸುಣ್ಣ ಹೊಡೆದಂತೆ. ಹಳೆಯದನ್ನು ಕೆರೆದು, ಡೀಸೆಲ್ ಅದ್ದಿದ ಬಟ್ಟೆಯಿಂದ ಒರೆಸಿ, ಆಮೇಲೆ ಬಳಿಯಬೇಕು. ಕೊಳಕು ಕೆಲಸ. ಆದರೆ ಕೆರೆಯುವವನ ಕಣ್ಣು ತಟ್ಟೆಯ ಬಿರುಕು, ಬುಡದ ಸಡಿಲ ಬೋಲ್ಟು, ದವಡೆಯ ಸವೆತ ಎಲ್ಲದರ ಮೇಲೂ ತಾನಾಗಿ ಹರಿಯುತ್ತದೆ. ಈ ಲಾಭವನ್ನು ಯಾವ ಮಾರಾಟಗಾರನೂ ಹೇಳಲಿಲ್ಲ.

ಪ್ಲಾಸ್ಟಿಕ್ ಪಟ್ಟಿಯದು ಮೊದಲ ವರ್ಷ ನನ್ನನ್ನು ಮರುಳು ಮಾಡಿತು. ಸ್ಟೀರಿಂಗ್ ಹಗುರ, ತಟ್ಟೆಗೆ ಗ್ರೀಸಿಲ್ಲ, ಮಳೆ ತೊಳೆದರೂ ಚಿಂತೆಯಿಲ್ಲ. ಎಡವಿದ್ದು ನಮ್ಮದೇ ತಿಳಿವಳಿಕೆಯಲ್ಲಿ. ಗ್ರೀಸ್ ಬೇಡವೆಂಬುದು ತಟ್ಟೆಗೆ ಮಾತ್ರ. ದವಡೆಗೆ, ಬೀಗದ ಭಾಗಗಳಿಗೆ ಬೇಕೇ ಬೇಕು. ಮಳೆಗಾಲದಲ್ಲಿ ಜಿಲ್ಲಾಡಳಿತ ಘಾಟಿಯಲ್ಲಿ ಭಾರೀ ವಾಹನಗಳನ್ನು ತಡೆದಾಗ ಆ ಹಾರ್ಸ್ ಟ್ರೇಲರಿಲ್ಲದೆ ವಾರಗಟ್ಟಲೆ ಬಯಲಲ್ಲಿ ನೆನೆಯಿತು. ಮತ್ತೆ ಹೊರಡುವ ದಿನ ದವಡೆ ಬಿಡಿಸುವ ಹ್ಯಾಂಡಲ್ ಮಿಸುಕಲಿಲ್ಲ. ಅರ್ಧ ದಿನ ಸುತ್ತಿಗೆ, ತುಕ್ಕು ಬಿಡಿಸುವ ಎಣ್ಣೆ, ಬೈಗುಳ. ಈಗ ನಿಲ್ಲಿಸುವ ಮುನ್ನ ದವಡೆಗೆ ಗ್ರೀಸ್ ತುಂಬಿ, ಮೇಲೆ ಟಾರ್ಪಾಲು ಕಟ್ಟುತ್ತೇವೆ.

ಇನ್ನೊಂದು ತೊಂದರೆ ಬಾಡಿಗೆ ಟ್ರೇಲರ್‌ಗಳಿಂದ ಬಂತು. ಅವುಗಳ ಅಡಿ ತಟ್ಟೆಯಲ್ಲಿ ಗೀರು, ಉಬ್ಬು, ಯಾರದೋ ಹಳೆಯ ಮರಳು ಮಿಶ್ರಿತ ಗ್ರೀಸು. ಉಕ್ಕಿನ ತಟ್ಟೆ ಅದನ್ನು ತಾಳಿಕೊಳ್ಳುತ್ತದೆ. ಪ್ಲಾಸ್ಟಿಕ್ ಪಟ್ಟಿ ಒಂದೇ ಕೊಯ್ಲಿನಲ್ಲಿ ತೆಂಗಿನಕಾಯಿ ತುರಿದಂತೆ ಎದ್ದು ಬಂತು. ಪಟ್ಟಿ ಬದಲಿಸಬಹುದು, ಆದರೆ ಅಗ್ಗವಲ್ಲ.

ನನ್ನ ದೊಡ್ಡ ತಪ್ಪಿಗೆ ಮಾತ್ರ ಎರಡು ತಟ್ಟೆಗಳೂ ಹೊಣೆಯಲ್ಲ. ಹಳೆಯ ಟ್ರೇಲರ್ ಒಂದನ್ನು ಕೊಂಡೆ. ಬ್ರೇಕ್ ಒತ್ತಿದಾಗಲೆಲ್ಲ ಬೆನ್ನ ಹಿಂದೆ ‘ಧಡ್’ ಎಂಬ ಸದ್ದು. ದವಡೆ ಸಡಿಲವಾಗಿದೆಯೆಂದು ಗ್ರೀಸಿನ ಫಿಫ್ತ್ ವೀಲ್‌ನ ಸ್ಕ್ರೂ ತಿರುಗಿಸಿ ಬಿಗಿ ಮಾಡಿಸಿದೆ, ಸದ್ದು ನಿಂತಿತು. ಮುಂದಿನ ವಾರ ಹೊಸ ಟ್ರೇಲರ್ ಜೋಡಿಸಿದಾಗ ಹ್ಯಾಂಡಲ್ ಎರಡು ಬೆರಳಿನಷ್ಟು ಹೊರಗೇ ಉಳಿಯಿತು. “ಅಣ್ಣಾ, ಇದು ಕಚ್ಚಿಲ್ಲ, ನಾನು ಗಾಡಿ ಎತ್ತುವುದಿಲ್ಲ” ಎಂದು ಚಾಲಕ ಕೆಳಗಿಳಿದು ನಿಂತ. ದಪ್ಪ ಅಳೆಯುವ ವರ್ನಿಯರ್ ಹಿಡಿದು ನೋಡಿದರೆ ಸವೆದಿದ್ದು ಹಳೆಯ ಟ್ರೇಲರ್‌ನ ಕಿಂಗ್ ಪಿನ್. ಎರಡು ಇಂಚಿನ ಪಿನ್ ಹೊಸದಾಗಿದ್ದಾಗ 50.8 ಮಿ.ಮೀ.; 49ಕ್ಕೆ ಇಳಿದರೆ ತೆಗೆದು ಹಾಕಬೇಕು. ನನ್ನದು ಅದನ್ನೂ ದಾಟಿ ಕೆಳಗಿತ್ತು. ಸವೆದ ಪಿನ್ನಿಗೆ ಹೊಂದಿಸಿದ ದವಡೆ ಸರಿಯಾದ ಪಿನ್ನನ್ನು ಪೂರ್ತಿ ಹಿಡಿಯುವುದಿಲ್ಲ ಎಂಬುದು ಆಗ ತಲೆಗೆ ಹತ್ತಿತು. ವೆಲ್ಡಿಂಗ್ ತುಂಬಿ ಕಡೆದುಕೊಡುವುದಾಗಿ ಒಬ್ಬರು ಹೇಳಿದರು. ಬೇಡವೆಂದು ಹೊಸ ಪಿನ್ ಹಾಕಿಸಿದೆ. ಇಷ್ಟು ಭಾರ ಜಗ್ಗುವ ಪಿನ್ನಿನ ಸವೆದ ಮೈಗೆ ವೆಲ್ಡಿಂಗ್ ತುಂಬಬಾರದು. ಮೂರೂವರೆ ಇಂಚಿನ ಪಿನ್ನಿನ ಮಾತನ್ನು ಎತ್ತುವವರೂ ಇದ್ದಾರೆ. ಅದು ಭಾರೀ ಯಂತ್ರ ಸಾಗಿಸುವವರಿಗೆ, ಕಾಫಿ ಮೂಟೆಗಲ್ಲ.

ಒಂದೇ ಹಾರ್ಸ್, ಒಂದೇ ಟ್ರೇಲರ್, ಅದರ ಅಡಿ ತಟ್ಟೆಯೂ ನುಣುಪಾಗಿದ್ದರೆ ನಾನು ಪ್ಲಾಸ್ಟಿಕ್ ಪಟ್ಟಿಯದನ್ನೇ ಕೊಳ್ಳುತ್ತೇನೆ. ಸಿಕ್ಕಿದ ಟ್ರೇಲರ್ ಎಳೆಯುವ ಹಾರ್ಸ್‌ಗೆ ಗ್ರೀಸಿನದು. ಜೋಡಿಸುವ ಕ್ರಮದಲ್ಲಿ ಮಾತ್ರ ಎರಡಕ್ಕೂ ಭೇದವಿಲ್ಲ: ಜೋಡಿಸಿದ ಮೇಲೆ ಟ್ರೇಲರ್‌ನ ಬ್ರೇಕ್ ಹಿಡಿದೇ ಮೆಲ್ಲಗೆ ಮುಂದಕ್ಕೆ ಜಗ್ಗುವುದು, ಟಾರ್ಚ್ ಬೆಳಕು ಹಾಯಿಸಿ ದವಡೆ ಪಿನ್ನಿನ ಸುತ್ತ ಮುಚ್ಚಿದೆಯೇ, ಎರಡು ತಟ್ಟೆಗಳ ನಡುವೆ ಸಂದಿ ಇದೆಯೇ ಎಂದು ನೋಡುವುದು, ಆಮೇಲಷ್ಟೇ ಬಿಚ್ಚಿಟ್ಟ ಟ್ರೇಲರ್‌ನ ಮುಂಭಾಗ ಹೊರುವ ಕಾಲುಗಳನ್ನು, ಅಂದರೆ ಲ್ಯಾಂಡಿಂಗ್ ಲೆಗ್, ಎತ್ತುವುದು.

ನಮ್ಮ ಹಿರಿಯ ಚಾಲಕನಿಗೆ ಒಣ ತಟ್ಟೆ ಇಂದಿಗೂ ಒಗ್ಗಿಲ್ಲ. ಘಾಟಿ ಇಳಿಯುವ ಮುನ್ನ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಪ್ಲಾಸ್ಟಿಕ್ ಪಟ್ಟಿಗೂ ಒಂದು ಬೆರಳು ಗ್ರೀಸ್ ಸವರುತ್ತಾನೆ. ಅವನು ಚಹಾ ಕುಡಿಯಲು ಹೋದಾಗ ನಾನು ಒರೆಸುತ್ತೇನೆ.